ಊಟದ ಕೋಣೆಗೆ ಉಬ್ಬು ಪ್ಯಾನೆಲ್ ವೇನ್‌ಸ್ಕಾಟಿಂಗ್: ಈಗಿರುವ 2¼ ಎಚ್‌ಪಿ ರೂಟರ್ ಸಾಕೆ, ದೊಡ್ಡದೇ ಬೇಕೆ?

ಕೊಲಂಬಸ್ ಹವ್ಯಾಸಿ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ 1964ರಲ್ಲಿ ಕಟ್ಟಿದ ಮನೆಯೊಂದರಲ್ಲಿ ನಾವು ವಾಸವಾಗಿದ್ದೇವೆ. ಅದರ ಊಟದ ಕೋಣೆಯ ಗೋಡೆಗಳಿಗೆ ನೆಲದಿಂದ 34 ಇಂಚು ಎತ್ತರದವರೆಗೆ ಮರದ ಹೊದಿಕೆಯನ್ನು, ಅಂದರೆ ಇಲ್ಲಿನವರು ವೇನ್‌ಸ್ಕಾಟಿಂಗ್ ಎನ್ನುವುದನ್ನು, ನಾನೇ ಮಾಡಿ ಕೂರಿಸಬೇಕೆಂದಿದ್ದೇನೆ. ಚಪ್ಪಟೆ ಗೋಡೆಯ ಮೇಲೆ ಪಟ್ಟಿ ಅಂಟಿಸಿ ಚೌಕಗಳಂತೆ ತೋರಿಸುವ ಸುಲಭದ ಬಗೆ ನನಗೆ ಬೇಡ. ನಡುಭಾಗ ಉಬ್ಬಿ, ನಾಲ್ಕೂ ಅಂಚು ಇಳಿಜಾರಾಗಿ ಫ್ರೇಮಿನ ಗ್ರೂವ್‌ನೊಳಗೆ (ಕೊರೆದ ಸೀಳಿನೊಳಗೆ) ಸೇರುವ ನಿಜವಾದ ಉಬ್ಬು ಪ್ಯಾನೆಲ್‌ಗಳನ್ನೇ ಮಾಡುವ ಆಸೆ.

ನನ್ನ ಬಳಿ ಬಾಷ್ 1617ಇವಿಎಸ್ ರೂಟರ್, ಅಂದರೆ ಬಿಟ್ (ಕೊರೆಯುವ ಅಲಗು) ತಿರುಗಿಸಿ ಮರ ಕೊರೆಯುವ ಯಂತ್ರ, ಇದೆ. ಅದರ ಮೇಲೆ 2¼ ಎಚ್‌ಪಿ, 12 ಆಂಪಿಯರ್ ಎಂದು ಬರೆದಿದೆ. ವೇಗವನ್ನು 8,000ದಿಂದ 25,000 ಆರ್‌ಪಿಎಂ ವರೆಗೆ ಹೊಂದಿಸಬಹುದು, ಬಿಟ್ಟನ್ನು ಬಿಗಿದು ಹಿಡಿಯುವ ಕಾಲೆಟ್‌ಗಳು ಕಾಲು ಇಂಚು ಮತ್ತು ಅರ್ಧ ಇಂಚು ಎರಡೂ ಇವೆ. ಇಲ್ಲಿಯವರೆಗೆ ಅದನ್ನು ಕೈಯಲ್ಲಿ ಹಿಡಿದು ಅಂಚು ದುಂಡು ಮಾಡಲು ಮಾತ್ರ ಬಳಸಿದ್ದೇನೆ. ಅಂಗಡಿಯಲ್ಲಿ ವಿಚಾರಿಸಿದಾಗ, ಪ್ಯಾನೆಲ್ ಮಾಡುವುದಾದರೆ 3 ಎಚ್‌ಪಿಗಿಂತ ದೊಡ್ಡ ರೂಟರ್ ಇಲ್ಲದೆ ಸಾಧ್ಯವೇ ಇಲ್ಲ ಎಂದರು. ಟ್ರೈಟನ್ ಟಿಆರ್‌ಎ001, ಮಿಲ್ವಾಕಿ 5625 ಮತ್ತು ಮಕಿಟಾ ಆರ್‌ಪಿ2301ಎಫ್‌ಸಿ, ಈ ಮೂರರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳುವುದಕ್ಕಾಗಿ ಬರೆಯಲು ಕುಳಿತೆ. ಬರೆಯುತ್ತಿದ್ದಂತೆ, ಕೊಳ್ಳುವ ಅಗತ್ಯವಿದೆಯೇ ಎಂಬುದನ್ನೇ ಮೊದಲು ಕೇಳಬೇಕೆನ್ನಿಸಿತು.

ಗ್ಯಾರೇಜ್ ಬಡಗಿ ಬರೆದಿದ್ದಾರೆ:

ನಮಸ್ಕಾರ. ನಾನು ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿದ್ದೇನೆ; ನಮ್ಮ ಮನೆಯ ಅಡುಗೆಮನೆಯ ಕಪಾಟಿನ ಬಾಗಿಲುಗಳೆಲ್ಲವೂ ನನ್ನ ಗ್ಯಾರೇಜಿನಲ್ಲೇ ಆದವು. ನಿಮ್ಮ ಪ್ರಶ್ನೆಯನ್ನು ನೀವು ರೂಟರ್‌ನಿಂದ ಆರಂಭಿಸಿದ್ದೀರಿ, ಆದರೆ ಅದನ್ನು ಬಿಟ್‌ನಿಂದ ಆರಂಭಿಸಬೇಕು. ಯಾವ ಬಿಟ್ ಎಂದು ತೀರ್ಮಾನವಾದರೆ ಯಾವ ವೇಗ, ಯಾವ ಟೇಬಲ್, ಎಷ್ಟು ಶಕ್ತಿ ಎಂಬ ಮೂರೂ ತಾವಾಗಿಯೇ ತೀರ್ಮಾನವಾಗುತ್ತವೆ.

ಸಾಮಾನ್ಯವಾಗಿ ಎಲ್ಲರೂ ಕೊಳ್ಳುವುದು ಅಡ್ಡ ಬಿಟ್ಟನ್ನು, ಅಂದರೆ ತಟ್ಟೆಯಂತೆ ಅಗಲವಾಗಿ ತಿರುಗುವ, ಸುಮಾರು 3¼ರಿಂದ 3½ ಇಂಚು ವ್ಯಾಸದ ಬಿಟ್ಟನ್ನು. ಅದರ ಶ್ಯಾಂಕ್, ಅಂದರೆ ಕಾಲೆಟ್‌ನೊಳಗೆ ಹೋಗುವ ಕಡ್ಡಿ, ಅರ್ಧ ಇಂಚಿನದೇ ಇರಬೇಕು. ಕಾಲು ಇಂಚಿನ ಶ್ಯಾಂಕ್‌ಗೂ ಅರ್ಧ ಇಂಚಿನ ಶ್ಯಾಂಕ್‌ಗೂ ದಪ್ಪದಲ್ಲಿರುವ ವ್ಯತ್ಯಾಸ ಎರಡು ಪಟ್ಟಾದರೂ, ಬಾಗದೆ ನಿಲ್ಲುವ ಬಿಗಿಯಲ್ಲಿರುವ ವ್ಯತ್ಯಾಸ ಹದಿನಾರು ಪಟ್ಟು. ಇನ್ನು ವೇಗದ ಮಾತು. 3½ ಇಂಚಿನ ಬಿಟ್ 10,000 ಆರ್‌ಪಿಎಂನಲ್ಲಿ ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 168 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ಅದನ್ನೇ ನಿಮ್ಮ ರೂಟರ್‌ನ ಗರಿಷ್ಠ ವೇಗವಾದ 25,000ದಲ್ಲಿ ತಿರುಗಿಸಿದರೆ ಆ ವೇಗ 400 ಕಿಲೋಮೀಟರನ್ನು ದಾಟುತ್ತದೆ. ಆದ್ದರಿಂದ ಇಂತಹ ಬಿಟ್ಟನ್ನು 10,000ದಿಂದ 12,000ದೊಳಗೆ ಮಾತ್ರ ಓಡಿಸಬೇಕು, ಟೇಬಲ್ಲಿನ ಕೆಳಗೆ ತಲೆಕೆಳಗಾಗಿ ಬಿಗಿದ ರೂಟರ್‌ನಲ್ಲಿ ಮಾತ್ರ ಬಳಸಬೇಕು; ಕೈಯಲ್ಲಿ ಹಿಡಿದು ಓಡಿಸುವ ಯೋಚನೆಯನ್ನೂ ಮಾಡಬಾರದು. ವೇಗ ಬದಲಿಸಲಾಗದ ರೂಟರ್ ಎಷ್ಟೇ ಶಕ್ತಿಶಾಲಿಯಾಗಿದ್ದರೂ ಈ ಕೆಲಸಕ್ಕೆ ಒದಗುವುದಿಲ್ಲ.

ನಿಮ್ಮ ಬಾಷ್‌ನಲ್ಲಿ ವೇಗ ಬದಲಾಗುತ್ತದೆ, ಅರ್ಧ ಇಂಚಿನ ಕಾಲೆಟ್ ಇದೆ. ಹಾಗಿದ್ದರೂ ದೊಡ್ಡ ರೂಟರ್ ಕೊಳ್ಳಿ ಎಂದೇ ನಾನು ಹೇಳುತ್ತೇನೆ. ನಾನು ಮೊದಲ ನಾಲ್ಕು ಬಾಗಿಲುಗಳನ್ನು 2 ಎಚ್‌ಪಿಯ ರೂಟರ್‌ನಲ್ಲಿ ಮಾಡಿದೆ, ಐದನೆಯದರಿಂದ 3¼ಕ್ಕೆ ಬದಲಾಯಿಸಿದೆ. ಓಕ್ ಮರದ ಎಳೆಗೆ ಅಡ್ಡಲಾಗಿ ಕೊರೆಯುವಾಗ ಚಿಕ್ಕ ರೂಟರ್ ಉಸಿರುಗಟ್ಟಿದಂತೆ ನರಳುತ್ತಿತ್ತು, ಅದು ವೇಗ ಕಳೆದುಕೊಂಡ ಜಾಗದಲ್ಲೆಲ್ಲ ಮರ ಸುಟ್ಟು ಕಪ್ಪು ಗೆರೆ ಬೀಳುತ್ತಿತ್ತು.

ಹಳೆಯ ಹತ್ತರಿ ಬರೆದಿದ್ದಾರೆ:

ಮೈಸೂರಿನಿಂದ ನಮಸ್ಕಾರ. ವೃತ್ತಿಯಲ್ಲಿ ಮೋಟಾರುಗಳ ಜೊತೆ ಮೂವತ್ತು ವರ್ಷ ಕಳೆದು, ಈಗ ನಿವೃತ್ತನಾಗಿ ಮರಗೆಲಸ ಕಲಿಯುತ್ತಿರುವವನು ನಾನು. ಬಿಟ್ ಮೊದಲು, ರೂಟರ್ ಆಮೇಲೆ ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. ಎಚ್‌ಪಿಯ ಲೆಕ್ಕವನ್ನು ಮಾತ್ರ ಒಪ್ಪುವುದಿಲ್ಲ.

ನಮ್ಮ ತೋಟದ ಪಂಪ್‌ಸೆಟ್ಟಿನ ಮೇಲೆ ಬರೆದಿರುವ 3 ಎಚ್‌ಪಿಯೂ ಈ ರೂಟರ್‌ಗಳ ಪೆಟ್ಟಿಗೆಯ ಮೇಲಿನ 3¼ ಎಚ್‌ಪಿಯೂ ಒಂದೇ ಜಾತಿಯವಲ್ಲ. ಅಮೆರಿಕದ ಮನೆಯ ಸಾಮಾನ್ಯ ಸಾಕೆಟ್ 120 ವೋಲ್ಟಿನದು; ಈ ದೊಡ್ಡ ರೂಟರ್‌ಗಳು ಎಳೆಯುವುದು 15 ಆಂಪಿಯರ್. ಗುಣಿಸಿದರೆ 1,800 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಆದ್ದರಿಂದ, ಒಂದಿಷ್ಟೂ ನಷ್ಟವಿಲ್ಲದ ಮೋಟಾರ್ ಇದ್ದರೂ ಸತತವಾಗಿ ಸಿಗುವುದು 2.4 ಎಚ್‌ಪಿ ಮಾತ್ರ. 3¼ ಎಚ್‌ಪಿಗೆ 2,400 ವ್ಯಾಟ್‌ಗಿಂತ ಹೆಚ್ಚು ಬೇಕು. ಪೆಟ್ಟಿಗೆಯ ಮೇಲಿನ ಸಂಖ್ಯೆ ಮೋಟಾರ್ ನಿಂತುಹೋಗುವ ಹೊತ್ತಿಗೆ ಒಂದು ಕ್ಷಣ ತೋರಬಲ್ಲ ಶಕ್ತಿಯದು. ಹಾಗಾಗಿ ಎಚ್‌ಪಿಗಳನ್ನು ಹೋಲಿಸುವ ಬದಲು ಆಂಪಿಯರ್‌ಗಳನ್ನು ಹೋಲಿಸಿ. ನಿಮ್ಮದು 12, ದೊಡ್ಡದು 15. ವ್ಯತ್ಯಾಸ ಇದೆ, ಆದರೆ ಅಂಗಡಿಯವರು ಹೇಳಿದಷ್ಟು ಇಲ್ಲ.

ಗ್ಯಾರೇಜ್ ಬಡಗಿಯವರ ಚಿಕ್ಕ ರೂಟರ್ ನರಳಿದ್ದಕ್ಕೆ ಇನ್ನೊಂದು ಕಾರಣವೂ ಇದ್ದಿರಬಹುದು. ಈ ಮೋಟಾರುಗಳನ್ನು ತಂಪಾಗಿಡುವ ಫ್ಯಾನ್ ಅದೇ ದಂಡಕ್ಕೆ ಜೋಡಣೆಯಾಗಿರುತ್ತದೆ. 25,000ದಲ್ಲಿ ತಿರುಗುವಾಗ ಚೆನ್ನಾಗಿ ಗಾಳಿ ಎಳೆಯುವ ಫ್ಯಾನ್, 10,000ಕ್ಕೆ ಇಳಿಸಿದಾಗ ಅರ್ಧಕ್ಕಿಂತ ಕಡಿಮೆ ಗಾಳಿ ಎಳೆಯುತ್ತದೆ; ಆದರೆ ದೊಡ್ಡ ಬಿಟ್‌ನ ಭಾರದಿಂದಾಗಿ ಮೋಟಾರ್ ಬಿಸಿಯಾಗುವುದು ಆಗಲೇ. ಅಂದರೆ ಮಧ್ಯಮ ಗಾತ್ರದ ರೂಟರ್‌ಗೆ ಅತ್ಯಂತ ಕಷ್ಟದ ಸ್ಥಿತಿ ಯಾವುದೋ ಅದನ್ನೇ ಅಡ್ಡ ಬಿಟ್ ಕೇಳುತ್ತದೆ. ಇದಕ್ಕೆ ಉಪಾಯ ಎರಡು: ಒಂದು ದೊಡ್ಡ ಮೋಟಾರ್, ಇನ್ನೊಂದು ಚಿಕ್ಕ ವ್ಯಾಸದ ಬಿಟ್. ಎರಡನೆಯದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಕೊಲಂಬಸ್ ಹವ್ಯಾಸಿ ಬರೆದಿದ್ದಾರೆ:

ಇಬ್ಬರಿಗೂ ಧನ್ಯವಾದಗಳು. ನಾನು ಕೊಡದೆ ಬಿಟ್ಟಿದ್ದ ಅಳತೆಗಳನ್ನು ಈಗ ಕೊಡುತ್ತೇನೆ. ಕೋಣೆ 12 ಅಡಿಗೆ 14 ಅಡಿ. ಬಾಗಿಲು ಮತ್ತು ಹಜಾರದ ತೆರಪನ್ನು ಕಳೆದರೆ ಸುಮಾರು 44 ಅಡಿ ಗೋಡೆ ಉಳಿಯುತ್ತದೆ. 3½ ಇಂಚು ಅಗಲದ ನಿಲುಪಟ್ಟಿಗಳ ನಡುವೆ 16 ಇಂಚು ಅಗಲ, 22 ಇಂಚು ಎತ್ತರದ ಪ್ಯಾನೆಲ್‌ಗಳನ್ನು ಇಟ್ಟರೆ ಒಟ್ಟು 27 ಪ್ಯಾನೆಲ್ ಬೇಕಾಗುತ್ತವೆ. ಫ್ರೇಮ್ ಪಾಪ್ಲರ್ ಮರದ್ದು. ಪ್ಯಾನೆಲ್ ಕೂಡ ಪಾಪ್ಲರ್‌ನದೇ ಎಂದುಕೊಂಡಿದ್ದೆ. ಎಲ್ಲಕ್ಕೂ ಬಿಳಿ ಬಣ್ಣ ಬಳಿಯುತ್ತೇವೆ. ಚಿಕ್ಕ ವ್ಯಾಸದ ಬಿಟ್ ಎಂದರೆ ನಿಲುವು ಬಿಟ್ ಇರಬೇಕಲ್ಲವೇ? ಅದರ ಚಿತ್ರ ನೋಡಿದ್ದೇನೆ, ಬಳಸಿದವರನ್ನು ನೋಡಿಲ್ಲ.

ಗ್ಯಾರೇಜ್ ಬಡಗಿ ಬರೆದಿದ್ದಾರೆ:

ಹೌದು, ಅದೇ. ಅಡ್ಡ ಬಿಟ್‌ನಲ್ಲಿ ಪ್ಯಾನೆಲ್ ಟೇಬಲ್ಲಿನ ಮೇಲೆ ಮಲಗಿರುತ್ತದೆ. ನಿಲುವು ಬಿಟ್‌ನಲ್ಲಿ ಪ್ಯಾನೆಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮುಖವನ್ನು ಫೆನ್ಸಿಗೆ, ಅಂದರೆ ಟೇಬಲ್ಲಿನ ಮೇಲಿನ ಆಸರೆ ಗೋಡೆಗೆ, ಒತ್ತಿ ತಳ್ಳಬೇಕು. ಇಳಿಜಾರಿನ ಆಕಾರ ಬಿಟ್‌ನ ಎತ್ತರದಲ್ಲಿ ಇರುವುದರಿಂದ ವ್ಯಾಸ ಸುಮಾರು 1½ ಇಂಚು ಇದ್ದರೆ ಸಾಕು, ಅದನ್ನು 16,000ದಿಂದ 18,000 ವೇಗದಲ್ಲಿಯೂ ನಿರಾತಂಕವಾಗಿ ಓಡಿಸಬಹುದು. ಹಳೆಯ ಹತ್ತರಿಯವರ ಫ್ಯಾನಿನ ತಕರಾರಿಗೂ ಇದರಲ್ಲಿ ಉತ್ತರವಿದೆ ಎಂಬುದನ್ನು ಒಪ್ಪುತ್ತೇನೆ.

ಆದರೂ ನನಗೆ ಅದು ಇಷ್ಟವಾಗಲಿಲ್ಲ. ನಿಂತ ಹಲಗೆ ಸ್ವಲ್ಪ ಓಲಾಡಿದರೂ ಇಳಿಜಾರಿನಲ್ಲಿ ಅಲೆ ಮೂಡುತ್ತದೆ, ಆ ಅಲೆಯನ್ನು ಉಜ್ಜುಕಾಗದದಿಂದ ತೆಗೆಯಲು ಹಿಡಿಯುವ ಸಮಯದಲ್ಲಿ ಇನ್ನೆರಡು ಪ್ಯಾನೆಲ್ ಆಗುತ್ತವೆ. ಕಮಾನಿನ ತಲೆಯ ಪ್ಯಾನೆಲ್‌ಗಳನ್ನು ಅದರಲ್ಲಿ ಮಾಡಲು ಬರುವುದೇ ಇಲ್ಲ. ನಿಮ್ಮವು ನೇರ ಚೌಕಗಳಾದ್ದರಿಂದ ಎರಡನೆಯ ಆಕ್ಷೇಪ ನಿಮಗೆ ಅನ್ವಯಿಸುವುದಿಲ್ಲ, ಮೊದಲನೆಯದು ಅನ್ವಯಿಸುತ್ತದೆ. ನಿಲುವು ಬಿಟ್ಟನ್ನೇ ಆರಿಸಿದರೆ ಎಂಟೊಂಬತ್ತು ಇಂಚು ಎತ್ತರದ, ಟೇಬಲ್ಲಿಗೆ ಸರಿಯಾಗಿ ಲಂಬವಾಗಿರುವ ಫೆನ್ಸನ್ನು ಮಾಡದೆ ಆರಂಭಿಸಬೇಡಿ.

ಶಿವಮೊಗ್ಗ ಮರಗೆಲಸ ಬರೆದಿದ್ದಾರೆ:

ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮದು ಬಾಗಿಲು, ಕಿಟಕಿಗಳನ್ನು ಮಾಡುವ ಸಣ್ಣ ಕಾರ್ಖಾನೆ. ಪ್ಯಾನೆಲ್ ಅಂಚನ್ನು ನಾವು ಸ್ಪಿಂಡಲ್ ಮೋಲ್ಡರ್ ಎಂಬ ದೊಡ್ಡ ಯಂತ್ರದಲ್ಲಿ ಹೊಡೆಯುತ್ತೇವೆ, ರೂಟರ್ ಬಳಸುವುದು ಚಿಲ್ಲರೆ ಕೆಲಸಕ್ಕೆ. ಆದರೂ ಯಂತ್ರ ಆರಿಸುವ ಮೊದಲು ಮರವನ್ನು ಆರಿಸಬೇಕೆಂದು ನನಗೆ ತೋರುತ್ತದೆ, ಏಕೆಂದರೆ ಯಂತ್ರದ ಮೇಲೆ ಬೀಳುವ ಭಾರ ಎಷ್ಟೆಂಬುದು ಅಲ್ಲಿಂದಲೇ ಗೊತ್ತಾಗಬೇಕು.

ಹದಿನಾರು ಇಂಚು ಅಗಲದ ಪಾಪ್ಲರ್ ಪ್ಯಾನೆಲ್ ಎಂದಿರಿ. ಅಮೆರಿಕದಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗಿನ ಗಾಳಿ ಬಹಳ ಒಣಗಿರುತ್ತದೆ, ಬೇಸಿಗೆಯಲ್ಲಿ ಮತ್ತೆ ತೇವವಾಗುತ್ತದೆ. ಮರದ ತೇವಾಂಶ ಶೇ. 4ರಷ್ಟು ಏರಿಳಿದರೂ ಅಷ್ಟು ಅಗಲದ ಪಾಪ್ಲರ್ ಹಲಗೆ ಸುಮಾರು 3/16 ಇಂಚು, ನಮ್ಮ ಬಡಗಿಗಳ ಲೆಕ್ಕದಲ್ಲಿ ಒಂದೂವರೆ ನೂಲು, ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ತೇಗದ ಬಾಗಿಲುಗಳಲ್ಲಿ ನಡುವಿನ ಹಲಗೆಯನ್ನು ಚೌಕಟ್ಟಿಗೆ ಅಂಟಿಸದೆ, ಮೊಳೆಯನ್ನೂ ಹೊಡೆಯದೆ ಗ್ರೂವ್‌ನೊಳಗೆ ಸಡಿಲವಾಗಿ ಬಿಟ್ಟಿರುವುದು ಇದಕ್ಕಾಗಿಯೇ. ಅಂಚನ್ನು ಇಳಿಜಾರು ಮಾಡಿದ್ದೂ ಮೂಲದಲ್ಲಿ ಅಂದಕ್ಕಲ್ಲ, ದಪ್ಪ ಹಲಗೆಯ ಅಂಚು ತೆಳುವಾಗಿ ಗ್ರೂವ್‌ನಲ್ಲಿ ಕೂರಲಿ ಎಂದು. ನಾನು ಕೆಲಸ ಕಲಿಯುವ ಕಾಲದಲ್ಲಿ ಒಮ್ಮೆ ಜಾಣತನ ತೋರಿಸಲು ಹೋಗಿ ಹೊನ್ನೆಯ ಹಲಗೆಯ ನಾಲ್ಕೂ ಅಂಚಿಗೆ ಅಂಟು ಹಾಕಿದ್ದೆ. ಬೇಸಿಗೆ ಮುಗಿಯುವುದರೊಳಗೆ ಅದು ನಡುವೆ ಸೀಳಿತು. ಗುರುಗಳು ಬೈಯಲಿಲ್ಲ, ಆ ಬಾಗಿಲನ್ನು ಕಾರ್ಖಾನೆಯ ಕಕ್ಕಸಿಗೆ ಹಾಕಿಸಿದರು. ದಿನವೂ ನೋಡಬೇಕಾಗಿ ಬಂತು.

ಬಣ್ಣ ಬಳಿಯುವುದೇ ಆದರೆ ಪ್ಯಾನೆಲ್‌ಗೆ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಹಾಕಿ. ಅದರಲ್ಲಿ ಎಳೆಯೇ ಇಲ್ಲದ ಕಾರಣ ಅಗಲದ ಹಿಗ್ಗು ಕುಗ್ಗು ಬಹಳ ಕಡಿಮೆ, ಅಡ್ಡ ಎಳೆಯಲ್ಲಿ ಸಿಬಿರು ಏಳುವ ಮಾತೂ ಇಲ್ಲ, ರೂಟರ್‌ನ ಮೇಲೆ ಓಕ್ ಹಾಕುವ ಭಾರದ ಸ್ವಲ್ಪ ಭಾಗ ಮಾತ್ರ ಬೀಳುತ್ತದೆ. ದೂಳು ಮಾತ್ರ ಹಿಟ್ಟಿನ ಗಿರಣಿಯಂತೆ ಏಳುತ್ತದೆ, ಒಳ್ಳೆಯ ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಇನ್ನೊಂದು ಮಾತು. ವೇನ್‌ಸ್ಕಾಟಿಂಗ್ ಎಂದರೆ ಬಾಗಿಲಲ್ಲ. ಬಾಗಿಲಿನಲ್ಲಿ ನಿಲುಪಟ್ಟಿಗಳು ಮೇಲಿಂದ ಕೆಳಗಿನವರೆಗೆ ಪೂರ್ತಿ ಹೋಗುತ್ತವೆ, ಅಡ್ಡಪಟ್ಟಿಗಳು ಅವುಗಳ ನಡುವೆ ಸೇರುತ್ತವೆ. ಗೋಡೆಯ ಹೊದಿಕೆಯಲ್ಲಿ ಅಡ್ಡಪಟ್ಟಿಗಳು ಗೋಡೆಯ ಉದ್ದಕ್ಕೂ ಹೋಗುತ್ತವೆ, ಗಿಡ್ಡ ನಿಲುಪಟ್ಟಿಗಳು ಅವುಗಳ ನಡುವೆ ನಿಲ್ಲುತ್ತವೆ. ಆದ್ದರಿಂದ ನಿಮಗೆ 10-12 ಅಡಿ ಉದ್ದದ ಪಟ್ಟಿಯ ಅಂಚಿಗೆ ಗ್ರೂವ್ ಹೊಡೆಯುವ ಕೆಲಸವಿದೆ. ಟೇಬಲ್ಲಿನ ಎಡಕ್ಕೂ ಬಲಕ್ಕೂ ಆಸರೆ ಇಲ್ಲದಿದ್ದರೆ ಎಷ್ಟು ಎಚ್‌ಪಿ ಇದ್ದರೂ ಆ ಪಟ್ಟಿಯ ತುದಿ ಜೋತು ಬಿದ್ದು ಗ್ರೂವ್ ಕೆಡುತ್ತದೆ.

ಬೆಂಗಳೂರು ಬಾಲ್ಕನಿ ಬರೆದಿದ್ದಾರೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ರಜಾದಿನಗಳಲ್ಲಿ ಮರಗೆಲಸ ಮಾಡುತ್ತೇನೆ. ನನ್ನ ಬಳಿ ಮಕಿಟಾದ 710 ವ್ಯಾಟಿನ ಟ್ರಿಮ್ಮರ್, ಅಂದರೆ ಚಿಕ್ಕ ರೂಟರ್, ಇದೆ. ಅದರ ಕನಿಷ್ಠ ವೇಗವೂ 10,000ವೇ. ಟಿವಿಯ ಹಿಂದಿನ ಗೋಡೆಗೆ ಇಂತಹದೇ ಹೊದಿಕೆ ಮಾಡಲು ಅದರಲ್ಲಿ ಚಿಕ್ಕದಾದ ಪ್ಯಾನೆಲ್ ಬಿಟ್ ಹಾಕಬಹುದೇ? ಇಲ್ಲವಾದರೆ ಇಲ್ಲಿ ಯಾವ ರೂಟರ್ ಕೊಳ್ಳಬೇಕು?

ಶಿವಮೊಗ್ಗ ಮರಗೆಲಸ ಬರೆದಿದ್ದಾರೆ:

ಬೇಡ. ವೇಗ ಸರಿಯಿದ್ದ ಮಾತ್ರಕ್ಕೆ ಆಗುವುದಿಲ್ಲ. ಟ್ರಿಮ್ಮರಿನ ಕಾಲೆಟ್, ಬೇರಿಂಗ್, ತಳ ಯಾವುದೂ ಆ ಭಾರಕ್ಕೆ ಮಾಡಿದ್ದಲ್ಲ. ಅದರಲ್ಲಿ ಬೀಡಿಂಗ್ ಪಟ್ಟಿಗಳನ್ನು ತಯಾರಿಸಿ ಪ್ಲೈವುಡ್ ಮೇಲೆ ಅಂಟಿಸುವುದು ಚೆನ್ನಾಗಿಯೇ ಆಗುತ್ತದೆ.

ಕೊಳ್ಳುವುದಾದರೆ ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಮೊದಲನೆಯದು ಕಾಲೆಟ್. ನಮ್ಮ ದೇಶದಲ್ಲಿ ಮಾರುವ ದೊಡ್ಡ ರೂಟರ್‌ಗಳಲ್ಲಿ ಕೆಲವಕ್ಕೆ 12 ಮಿಲಿಮೀಟರ್ ಕಾಲೆಟ್ ಬರುತ್ತದೆ, ಕೆಲವಕ್ಕೆ ಅರ್ಧ ಇಂಚಿನದು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಕಣ್ಣಿಗೆ ಒಂದೇ ತರಹ ಕಾಣುವ ಇವೆರಡನ್ನು ಅದಲುಬದಲು ಮಾಡಿದರೆ, 12ರ ಶ್ಯಾಂಕ್ ಅರ್ಧ ಇಂಚಿನ ಕಾಲೆಟ್‌ನಲ್ಲಿ ಬಿಗಿದಂತೆ ತೋರಿ, ಕೆಲಸದ ನಡುವೆ ಜಾರಿ ಹೊರಬರುತ್ತದೆ. 6 ಮಿಲಿಮೀಟರ್ ಮತ್ತು ಕಾಲು ಇಂಚಿನ ನಡುವೆಯೂ ಇದೇ ಅಪಾಯವಿದೆ. ಆನ್‌ಲೈನಿನಲ್ಲಿ ಬಿಟ್ ತರಿಸುವಾಗ ಶ್ಯಾಂಕ್‌ನ ಅಳತೆಯನ್ನು ಎರಡು ಸಲ ಓದಿ, ಬಂದ ಮೇಲೆ ಕ್ಯಾಲಿಪರ್ ಹಿಡಿದು ನೋಡಿ. ಎರಡನೆಯದು ಪ್ಲಗ್. ಮಕಿಟಾ ಆರ್‌ಪಿ2301ಎಫ್‌ಸಿಯಂತಹ 2,100 ವ್ಯಾಟಿನ ರೂಟರ್ 230 ವೋಲ್ಟಿನಲ್ಲಿ 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಾಕೆಟ್ಟಿಗೆ ಹಾಕಬಾರದು, ಗೀಸರಿಗೆ ಕೊಡುವಂತಹ 16 ಆಂಪಿಯರ್ ಪವರ್ ಪ್ಲಗ್ ಬೇಕು. ತೆಳು ತಂತಿಯ ಎಕ್ಸ್‌ಟೆನ್ಶನ್ ಬಾಕ್ಸ್ ಕೂಡ ಬೇಡ.

ಹಾಗೆಯೇ ನಮ್ಮ ಇಟ್ಟಿಗೆ ಗೋಡೆಗಳು ತೇವ ಹೀರುತ್ತವೆ. ಅಮೆರಿಕದ ಟೊಳ್ಳು ಗೋಡೆಗೆ ನಾನು ಸೂಚಿಸಿದ ಸಾದಾ ಎಂಡಿಎಫ್ ನಿಮ್ಮ ಹೊರಗೋಡೆಗೆ ತಾಗಿ ನಿಂತರೆ ಒಂದು ಮಳೆಗಾಲದಲ್ಲಿ ಊದಿಕೊಂಡೀತು. ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಹಲಗೆ ಬಳಸಿ.

ಹಳೆಯ ಹತ್ತರಿ ಬರೆದಿದ್ದಾರೆ:

ಕೊಲಂಬಸ್‌ನ ಮಿತ್ರರ ಅಳತೆಗಳನ್ನು ಹಿಡಿದು ಒಂದು ಲೆಕ್ಕ ಮಾಡಿದೆ. ಒಂದು ಪ್ಯಾನೆಲ್ಲಿನ ಸುತ್ತಳತೆ 76 ಇಂಚು. 27 ಪ್ಯಾನೆಲ್‌ಗಳದ್ದು ಸೇರಿ 171 ಅಡಿ. ಒಂದೇ ಸಲಕ್ಕೆ ಪೂರ್ತಿ ಆಳ ಕೊರೆಯದೆ ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ತೆಗೆದರೆ ಸುಮಾರು 680 ಅಡಿ ತಳ್ಳಬೇಕು. ನಿಮಿಷಕ್ಕೆ 8 ಅಡಿಯಂತೆ ನಿಧಾನವಾಗಿ ತಳ್ಳಿದರೂ ಬಿಟ್ ಮರದಲ್ಲಿರುವ ಹೊತ್ತು ಒಟ್ಟು ಒಂದೂವರೆ ಗಂಟೆ ಮೀರುವುದಿಲ್ಲ. ಹಲಗೆ ಎತ್ತಿಡುವುದು, ಅಳತೆ ಹೊಂದಿಸುವುದು, ಕಾಫಿ ಕುಡಿಯುವುದು ಎಲ್ಲ ಸೇರಿಸಿ ಎರಡು ದಿನವೆನ್ನಿ. ಆ ಒಂದೂವರೆ ಗಂಟೆಯ ಕೆಲಸಕ್ಕಾಗಿ ದೊಡ್ಡ ರೂಟರ್ ಬೇಕೇ ಎಂಬುದು ಈಗಿರುವ ಪ್ರಶ್ನೆ.

ಮುಂದೆ ಅಡುಗೆಮನೆಯ ಬಾಗಿಲುಗಳನ್ನೂ ಗಟ್ಟಿ ಮರದಲ್ಲಿ ಮಾಡುವ ಯೋಚನೆ ಇದ್ದರೆ ಕೊಳ್ಳಿ. ಈ ಒಂದು ಕೋಣೆ ಮಾತ್ರವಾದರೆ, ಎಂಡಿಎಫ್ ಪ್ಯಾನೆಲ್ಲಿಗೆ ನಿಲುವು ಬಿಟ್ ಹಾಕಿ, ನಾಲ್ಕೈದು ಸಲದಲ್ಲಿ ಕೊರೆದರೆ 12 ಆಂಪಿಯರಿನ ಬಾಷ್ ಬೆವರುವುದಿಲ್ಲ. ಉಳಿದ ಹಣವನ್ನು ಟೇಬಲ್ಲಿಗೂ ಫೆನ್ಸಿಗೂ ಒಳ್ಳೆಯ ಬಿಟ್‌ಗಳಿಗೂ ಹಾಕಿ. ಗಟ್ಟಿ ಟೇಬಲ್ಲಿನ ಮೇಲಿನ ಸಾಧಾರಣ ರೂಟರ್ ಮಾಡುವ ಕೆಲಸವನ್ನು ಅಲುಗಾಡುವ ಟೇಬಲ್ಲಿನ ಮೇಲಿನ ದೊಡ್ಡ ರೂಟರ್ ಮಾಡಲಾರದು.

ಗ್ಯಾರೇಜ್ ಬಡಗಿ ಬರೆದಿದ್ದಾರೆ:

ಎಂಡಿಎಫ್ ಎಂದ ಮೇಲೆ ನನ್ನ ಹಟವನ್ನು ಅರ್ಧ ಬಿಡುತ್ತೇನೆ. ನನ್ನ ಅನುಭವವೆಲ್ಲ ಓಕ್‌ನದು. ಆದರೂ ಮುಂದೆ ಈ ಚರ್ಚೆಯನ್ನು ಓದುವ ಯಾರಾದರೂ ಕೊಳ್ಳಲು ಹೊರಟರೆ ಅವರಿಗಾಗಿ ನಾಲ್ಕು ಮಾತು.

ಟೇಬಲ್ಲಿನ ಕೆಳಗೇ ಉಳಿಯುವ ರೂಟರ್ ಆದರೆ ಅದರ ಎತ್ತರವನ್ನು ಟೇಬಲ್ಲಿನ ಮೇಲಿನಿಂದ ಬದಲಿಸಲು ಬರಬೇಕು. ಟ್ರೈಟನ್ ಟಿಆರ್‌ಎ001ರಲ್ಲಿ ಮೇಲಿನಿಂದಲೇ ಹಿಡಿಕೆ ಹಾಕಿ ತಿರುಗಿಸಬಹುದು; ಬಿಟ್ಟನ್ನು ಪೂರ್ತಿ ಮೇಲೆ ತಂದಾಗ ದಂಡ ತಾನಾಗಿ ಬಿಗಿಯಾಗುವುದರಿಂದ ಒಂದೇ ಸ್ಪ್ಯಾನರಿನಲ್ಲಿ ಬಿಟ್ ಬದಲಿಸಬಹುದು. ರೂಟರನ್ನು ಎತ್ತಿ ಇಳಿಸುವ ಪ್ರತ್ಯೇಕ ಲಿಫ್ಟ್ ಕೊಳ್ಳದೆ ಕೆಲಸ ಸಾಗುವುದು ಇದರ ದೊಡ್ಡ ಅನುಕೂಲ. ಮಿಲ್ವಾಕಿ 5625ರಲ್ಲಿಯೂ ಮೇಲಿನಿಂದ ಎತ್ತರ ಬದಲಿಸುವ ವ್ಯವಸ್ಥೆ ಇದೆ, ವೇಗ 10,000ದಿಂದ 22,000. ಮಕಿಟಾ ಕೈಯಲ್ಲಿ ಹಿಡಿದು ಮಾಡುವ ಕೆಲಸಕ್ಕೆ ಬಹಳ ನಯವಾದ ಯಂತ್ರ, ಆದರೆ ಪ್ಲಂಜ್ ಮಾದರಿಯ (ಮೇಲಿನಿಂದ ಒತ್ತಿ ಇಳಿಸುವ) ರೂಟರನ್ನು ತಲೆಕೆಳಗಾಗಿ ತೂಗುಹಾಕಿ ಎತ್ತರ ಹೊಂದಿಸುವುದು ನನಗಂತೂ ಕಿರಿಕಿರಿ. ಯಾವುದನ್ನು ಕೊಂಡರೂ ನಿಧಾನವಾಗಿ ಆರಂಭವಾಗುವ ಸಾಫ್ಟ್ ಸ್ಟಾರ್ಟ್ ಇರಲಿ, ಭಾರ ಬಿದ್ದಾಗ ವೇಗ ಕುಸಿಯದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ನಿಯಂತ್ರಣ ಇರಲಿ.

ಅಡ್ಡ ಬಿಟ್ ಹಾಕುವವರು ಒಂದನ್ನು ಮರೆಯಬಾರದು: ಟೇಬಲ್ಲಿನ ರಂಧ್ರವೂ ರೂಟರ್‌ನ ತಳದ ರಂಧ್ರವೂ ಬಿಟ್‌ಗಿಂತ ದೊಡ್ಡದಾಗಿರಬೇಕು. ತಳದ ರಂಧ್ರ ಚಿಕ್ಕದಾದರೆ ಬಿಟ್ ಕೆಳಗೆ ಇಳಿಯುವುದಿಲ್ಲ. ಆಗ ಕೆಲವರು ಅಗತ್ಯವಾದ ಎತ್ತರ ಸಿಗಲೆಂದು ಶ್ಯಾಂಕನ್ನು ಕಾಲೆಟ್‌ನಿಂದ ಹೊರಗೆ ಎಳೆದು ತುದಿಯಲ್ಲಿ ಮಾತ್ರ ಬಿಗಿಯುತ್ತಾರೆ. ಅದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿಲ್ಲ. ಶ್ಯಾಂಕನ್ನು ಪೂರ್ತಿ ಒಳಗೆ ಇಳಿಸಿ, ತಳ ಮುಟ್ಟಿದ ಮೇಲೆ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ಮೇಲೆತ್ತಿ ಬಿಗಿಯಬೇಕು. ಎತ್ತರ ಹೊಂದದಿದ್ದರೆ ಟೇಬಲ್ಲಿನ ಮೇಲೆ ಇನ್ನೊಂದು ಅರ್ಧ ಇಂಚಿನ ಹಲಗೆ ಹಾಸಿ, ಬಿಟ್‌ನಷ್ಟು ರಂಧ್ರ ಕೊರೆದುಕೊಳ್ಳಿ.

ತಳ್ಳುವ ದಿಕ್ಕು ಯಾವಾಗಲೂ ಬಲದಿಂದ ಎಡಕ್ಕೆ. ಹಲಗೆಯನ್ನು ಬಿಟ್‌ಗೂ ಫೆನ್ಸಿಗೂ ನಡುವೆ ಎಂದೂ ತೂರಿಸಬೇಡಿ, ಅದು ಕೈಯಿಂದ ಕಸಿದುಕೊಂಡು ಹಾರುತ್ತದೆ.

ಕೊಲಂಬಸ್ ಹವ್ಯಾಸಿ ಬರೆದಿದ್ದಾರೆ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹೊಸ ರೂಟರ್ ಕೊಳ್ಳಲಿಲ್ಲ. ನಿಲುವು ಬಿಟ್ಟನ್ನೂ ಫ್ರೇಮಿನ ಜೋಡಣೆಗೆ ಬೇಕಾದ ಎರಡು ಬಿಟ್‌ಗಳನ್ನೂ ತಂದೆ, ಎಲ್ಲವೂ ಅರ್ಧ ಇಂಚಿನ ಶ್ಯಾಂಕ್‌ನವು. ಟೇಬಲ್ಲನ್ನು ಎರಡು ಪದರ ಪ್ಲೈವುಡ್ ಅಂಟಿಸಿ ನಾನೇ ಮಾಡಿದೆ. ಫೆನ್ಸ್ 9 ಇಂಚು ಎತ್ತರದ್ದು.

ಪ್ಯಾನೆಲ್‌ಗೆ 5/8 ಇಂಚು ದಪ್ಪದ ಎಂಡಿಎಫ್ ಆರಿಸಿದೆ. ಗೋಡೆಗೆ ತಾಗುವ ಹಿಂಬದಿ ಯಾರಿಗೂ ಕಾಣದಿರುವುದರಿಂದ ಹಿಂದಿನಿಂದ ಕೊರೆಯುವ ಅಗತ್ಯವೇ ಬೀಳಲಿಲ್ಲ. 3/4 ಇಂಚಿನ ಫ್ರೇಮಿನಲ್ಲಿ ಕೂರಿಸಿದಾಗ ಪ್ಯಾನೆಲ್ಲಿನ ಮುಖ ಬಹುಮಟ್ಟಿಗೆ ಫ್ರೇಮಿನ ಮಟ್ಟಕ್ಕೇ ಬರುತ್ತದೆ. ವೇಗವನ್ನು 16,000ದ ಆಸುಪಾಸಿನಲ್ಲಿಟ್ಟು, ಫೆನ್ಸನ್ನು ಪ್ರತಿ ಸಲ ಸ್ವಲ್ಪ ಹಿಂದೆ ಸರಿಸುತ್ತ ನಾಲ್ಕು ಸಲದಲ್ಲಿ ಪೂರ್ತಿ ಆಳ ಮುಟ್ಟಿದೆ. ರೂಟರ್ ನರಳಲಿಲ್ಲ, ಒಂದು ಪ್ಯಾನೆಲ್ ಮುಗಿದ ಮೇಲೆ ಮೋಟಾರನ್ನು ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಆದರೆ ಗ್ಯಾರೇಜ್ ಬಡಗಿಯವರ ಮಾತು ಸುಳ್ಳಾಗಲಿಲ್ಲ. ಮೊದಲ ಎರಡು ಪ್ಯಾನೆಲ್‌ಗಳಲ್ಲಿ ಸ್ಪಷ್ಟವಾಗಿ ಅಲೆ ಮೂಡಿತು. ಹಲಗೆ ಓಲಾಡುವುದೇ ಕಾರಣವೆಂದು ಬಹಳ ಹೊತ್ತು ಫೆನ್ಸನ್ನೇ ಸರಿಪಡಿಸುತ್ತಿದ್ದೆ. ನಿಜವಾದ ಕಾರಣ ಟೇಬಲ್ಲಿನ ರಂಧ್ರ. ಬಿಟ್ 1½ ಇಂಚಿನದು, ರಂಧ್ರ ಅದಕ್ಕಿಂತ ಬಹಳ ದೊಡ್ಡದಿತ್ತು. ಹಲಗೆಯ ತೆಳ್ಳಗಾದ ಅಂಚು ಅದನ್ನು ದಾಟುವಾಗ ಕೂದಲೆಳೆಯಷ್ಟು ಕೆಳಗಿಳಿದು ಮತ್ತೆ ಮೇಲೇಳುತ್ತಿತ್ತು. ಬಿಟ್‌ಗೆ ಸರಿಯಾಗಿ ಹೊಂದುವ ರಂಧ್ರದ ತೆಳು ಹಾರ್ಡ್‌ಬೋರ್ಡ್ ಹಾಸಿದೆ, ಹಲಗೆಯ ಕೆಳಭಾಗವನ್ನು ಫೆನ್ಸಿಗೆ ಒತ್ತಿ ಹಿಡಿಯಲು ಫೆದರ್‌ಬೋರ್ಡ್ ಕಟ್ಟಿದೆ. ಮೂರನೆಯ ಪ್ಯಾನೆಲ್ ಕನ್ನಡಿಯಂತೆ ಬಂತು.

ಒಂದು ಸಂಜೆ ವ್ಯಾಕ್ಯೂಮನ್ನೂ ರೂಟರನ್ನೂ ಒಂದೇ ಸರ್ಕ್ಯೂಟಿಗೆ ಹಾಕಿದ್ದರಿಂದ ಬ್ರೇಕರ್ ಬಿದ್ದು ಗ್ಯಾರೇಜ್ ಕತ್ತಲಾಯಿತು. 15 ಆಂಪಿಯರಿನ ರೂಟರ್ ಕೊಂಡಿದ್ದರೆ ಇದು ಮೊದಲ ದಿನವೇ ಆಗುತ್ತಿತ್ತು. ಈಗ ವ್ಯಾಕ್ಯೂಮಿಗೆ ಬೇರೆ ಸರ್ಕ್ಯೂಟಿನಿಂದ ತಂತಿ ಎಳೆದಿದ್ದೇನೆ. ಹಳೆಯ ಬೇಸ್‌ಬೋರ್ಡ್ (ಗೋಡೆಯ ಬುಡದ ಪಟ್ಟಿ) ಕೀಳುವ ಮೊದಲು ಅದರ ಬಣ್ಣದಲ್ಲಿ ಸೀಸವಿದೆಯೇ ಎಂದು ಪರೀಕ್ಷೆ ಮಾಡಿಸಬೇಕಿದೆ. ಇಲ್ಲಿ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ, ನಮ್ಮ ಮನೆ ಅದಕ್ಕಿಂತ ಹಳೆಯದು.

ಶಿವಮೊಗ್ಗದವರಲ್ಲಿ ಒಂದು ಪ್ರಶ್ನೆ: ಎಂಡಿಎಫ್‌ನ ಕೊರೆದ ಇಳಿಜಾರು ಬಣ್ಣವನ್ನು ಸ್ಪಂಜಿನಂತೆ ಹೀರುತ್ತಿದೆ. ಪ್ಯಾನೆಲ್‌ಗಳನ್ನು ಫ್ರೇಮಿಗೆ ಸೇರಿಸುವ ಮೊದಲೇ ಬಣ್ಣ ಬಳಿಯಬೇಕೆ, ಆಮೇಲೆ ಬಳಿಯಬೇಕೆ?

ಶಿವಮೊಗ್ಗ ಮರಗೆಲಸ ಬರೆದಿದ್ದಾರೆ:

ಇಳಿಜಾರನ್ನೂ ಗ್ರೂವ್‌ನೊಳಗೆ ಹೋಗುವ ಅಂಚನ್ನೂ ಸೇರಿಸುವ ಮೊದಲೇ ಮುಗಿಸಿ. ನೀರು ಬೆರೆತ ಪ್ರೈಮರ್ ಹಾಕಿದರೆ ಕೊರೆದ ಭಾಗದ ನಾರು ಎದ್ದು ಒರಟಾಗುತ್ತದೆ. ಆದ್ದರಿಂದ ಮೊದಲು ಅರಗಿನ ಸೀಲರ್ ಅಥವಾ ಎಣ್ಣೆ ಆಧಾರಿತ ಪ್ರೈಮರ್ ಒಂದು ಕೈ ಹಚ್ಚಿ, ಒಣಗಿದ ಮೇಲೆ 220ರ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಿ, ಇನ್ನೊಂದು ಕೈ ಹಚ್ಚಿ. ಕೊನೆಯ ಬಿಳಿ ಬಣ್ಣ ಗೋಡೆಗೆ ಕೂರಿಸಿದ ಮೇಲಾದರೂ ಆದೀತು, ಆದರೆ ಪಾಪ್ಲರ್ ಫ್ರೇಮ್ ಚಳಿಗಾಲದಲ್ಲಿ ತುಸು ಕುಗ್ಗಿದಾಗ ಅಂಚಿನಲ್ಲಿ ಬಣ್ಣ ಕಾಣದ ಗೆರೆ ಇಣುಕದಿರಲು ಆ ಅಂಚಿಗೂ ಈಗಲೇ ಒಂದು ಕೈ ಬಿಳಿ ಬಳಿದಿಡಿ. ಗ್ರೂವ್‌ಗೆ ಅಂಟು ಸೋರದಂತೆ ನೋಡಿಕೊಳ್ಳಿ.

ಕೊಲಂಬಸ್ ಹವ್ಯಾಸಿ ಬರೆದಿದ್ದಾರೆ:

ಹಾಗೆಯೇ ಮಾಡುತ್ತೇನೆ. ಅಲೆ ಬಿದ್ದ ಎರಡನ್ನು ಬಾಗಿಲ ಹಿಂದಿನ ಮೂಲೆಗೆ ಹಾಕುವ ಆಲೋಚನೆಯಿತ್ತು, ಮನೆಯಾಕೆ ಒಪ್ಪಲಿಲ್ಲ. ಆದ್ದರಿಂದ ಇನ್ನೂ 26 ಬಾಕಿ.